ಈಚಿನ ನಾಣ್ಯಗಳನ್ನು ಹುಡುಕಲು ಎಂಥ ಕಾಯಿಲ್ ಬೇಕು?

ಮೆಟಲ್ ಡಿಟೆಕ್ಟರ್ ಕೊಂಡು ನಾಲ್ಕು ದಿನ ಹುಡುಕಾಡಿದ ಮೇಲೆ ಬಹುತೇಕ ಎಲ್ಲರಿಗೂ ಹುಟ್ಟುವ ಮೊದಲ ಆಸೆ ದೊಡ್ಡ ಕಾಯಿಲಿನದು, ಅಂದರೆ ಕೋಲಿನ ತುದಿಯಲ್ಲಿದ್ದು ನೆಲದ ಮೇಲೆ ಬೀಸುವ ತಟ್ಟೆಯದು. ಕಾಯಿಲ್ ದೊಡ್ಡದಾದಷ್ಟೂ ಆಳಕ್ಕೆ ಇಳಿಯುತ್ತದೆ, ಆಳಕ್ಕೆ ಇಳಿದಷ್ಟೂ ಹೆಚ್ಚು ನಾಣ್ಯ ಸಿಗುತ್ತದೆ ಎಂಬ ಲೆಕ್ಕ ಅದು. ನೂರಿನ್ನೂರು ವರ್ಷ ಹಳೆಯ ನಾಣ್ಯಗಳನ್ನು ಅರಸುವವರಿಗೆ ಈ ಲೆಕ್ಕದಲ್ಲಿ ಅರ್ಥವಿದೆ. ಈಚಿನ ನಾಣ್ಯಗಳನ್ನು, ಅಂದರೆ ಈಗ ಚಲಾವಣೆಯಲ್ಲಿರುವ ಅಥವಾ ಕಳೆದ ಕೆಲವು ದಶಕಗಳಲ್ಲಿ ಜನರ ಜೇಬಿನಿಂದ ಜಾರಿ ಬಿದ್ದ ಚಿಲ್ಲರೆಯನ್ನು ಹುಡುಕುವವರನ್ನು ಅದು ದಾರಿ ತಪ್ಪಿಸುತ್ತದೆ. ಆ ಚಿಲ್ಲರೆಯ ಹೆಚ್ಚಿನ ಪಾಲು ಮೇಲಿನ ಹತ್ತು ಸೆಂಟಿಮೀಟರ್ ಮಣ್ಣಿನೊಳಗೇ ಇರುತ್ತದೆ. ಎಷ್ಟೋ ಸಲ ಹುಲ್ಲಿನ ಬೇರುಗಳ ನಡುವೆಯೇ ಸಿಕ್ಕಿಕೊಂಡಿರುತ್ತದೆ. ಅದು ನಮ್ಮ ಕಿವಿಗೆ ಬೀಳದಂತೆ ತಡೆಯುವುದು ಸುತ್ತ ಬಿದ್ದಿರುವ ಮೊಳೆ, ಬಾಟಲಿ ಮುಚ್ಚಳ, ಪಾನೀಯದ ಕ್ಯಾನ್ ತೆರೆಯುವ ಕೊಂಡಿ, ತಿಂಡಿ ಸುತ್ತಿದ ಅಲ್ಯೂಮಿನಿಯಂ ಹಾಳೆ. ಹಾಗಾಗಿ ಕಾಯಿಲ್ ಆರಿಸುವಾಗ ಮೊದಲು ನೋಡಬೇಕಾದದ್ದು, ಪಕ್ಕಪಕ್ಕದಲ್ಲಿ ಬಿದ್ದ ಎರಡು ಲೋಹದ ತುಂಡುಗಳನ್ನು ಅದು ಎರಡಾಗಿಯೇ ಕೇಳಿಸುತ್ತದೆಯೇ ಎಂಬುದನ್ನು. ಆಳದ ಮಾತು ಆಮೇಲೆ.

ನಾಣ್ಯ ತನ್ನ ಭಾರಕ್ಕೆ ಮಣ್ಣಿನಲ್ಲಿ ಕುಸಿಯುತ್ತಾ ಹೋಗುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಗಟ್ಟಿ ನೆಲದಲ್ಲಿ ಹೆಚ್ಚಾಗಿ ನಡೆಯುವುದು ಇದರ ವಿರುದ್ಧ: ನಾಣ್ಯ ಇದ್ದಲ್ಲೇ ಇರುತ್ತದೆ, ಮಣ್ಣು ಅದರ ಮೇಲೆ ಏರುತ್ತದೆ. ಎರೆಹುಳುಗಳು ಕೆಳಗಿನ ಮಣ್ಣನ್ನು ನುಂಗಿ ಮೇಲೆ ತಂದು ಹಾಕುತ್ತವೆ, ಸತ್ತ ಹುಲ್ಲು ಕೊಳೆತು ಪದರವಾಗುತ್ತದೆ, ಗಾಳಿಯ ಧೂಳು ಕೂಡಿಕೊಳ್ಳುತ್ತದೆ. ಹೊಲದ ಮೇಲೆ ಚೆಲ್ಲಿದ ಸುಣ್ಣವೂ ಸುಟ್ಟ ಕಲ್ಲಿದ್ದಲಿನ ಚೂರುಗಳೂ ವರ್ಷಗಳು ಕಳೆದಂತೆ ಹೀಗೆ ಹೂತುಹೋಗುವುದನ್ನು ಚಾರ್ಲ್ಸ್ ಡಾರ್ವಿನ್ 19ನೇ ಶತಮಾನದಲ್ಲೇ ಅಳೆದು ನೋಡಿದ್ದರು. ವರ್ಷಕ್ಕೆ ಕೆಲವೇ ಮಿಲಿಮೀಟರ್ ಏರುವ ಮಣ್ಣು ಹತ್ತು ವರ್ಷದ ಹಿಂದೆ ಬಿದ್ದ ನಾಣ್ಯವನ್ನು ಎಷ್ಟು ಮುಚ್ಚೀತು? ಉಳುಮೆಯಾದ ಹೊಲ, ಮಣ್ಣು ತುಂಬಿಸಿದ ಜಾಗ, ಕಾಲಿಟ್ಟರೆ ಹೂಳುವ ಮರಳು ಇವು ಬೇರೆ. ಆಟದ ಬಯಲು, ಉದ್ಯಾನ, ಜಾತ್ರೆ ಸೇರುವ ಮೈದಾನಗಳಲ್ಲಿ ಈಚಿನ ನಾಣ್ಯವೆಂದರೆ ಮೇಲುಮಣ್ಣಿನ ನಾಣ್ಯ.

ಕಾಯಿಲಿನೊಳಗೆ ಏನಾಗುತ್ತದೆ

ಕೋಲಿನ ತುದಿಯಲ್ಲಿರುವ ಪ್ಲಾಸ್ಟಿಕ್ ತಟ್ಟೆಯೊಳಗೆ ತಾಮ್ರದ ತಂತಿಯ ಎರಡು ಸುರುಳಿಗಳಿರುತ್ತವೆ. ಒಂದು ಕಳುಹಿಸುವ ಸುರುಳಿ. ಅದರಲ್ಲಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ವಿದ್ಯುತ್ ಹರಿಯುತ್ತದೆ, ಅದರಿಂದ ಸುತ್ತಲೂ ಅಷ್ಟೇ ವೇಗದಲ್ಲಿ ಬದಲಾಗುವ ಕಾಂತಕ್ಷೇತ್ರ ಹುಟ್ಟುತ್ತದೆ. ಈ ಕ್ಷೇತ್ರ ನಾಣ್ಯವನ್ನು ಹಾದುಹೋದಾಗ ಲೋಹದೊಳಗೆ ಸುಳಿ ವಿದ್ಯುತ್ ಏಳುತ್ತದೆ. ಆ ಸುಳಿಗಳು ತಮ್ಮದೇ ಆದ ಸಣ್ಣ ಕಾಂತಕ್ಷೇತ್ರವನ್ನು ಹೊರಬಿಡುತ್ತವೆ. ಅದನ್ನು ಹಿಡಿಯುವುದು ಎರಡನೆಯದು, ಕೇಳುವ ಸುರುಳಿ. ಉತ್ತರ ಎಷ್ಟು ಬಲವಾಗಿದೆ, ಕಳುಹಿಸಿದ ಅಲೆಗಿಂತ ಎಷ್ಟು ತಡವಾಗಿ ಬಂದಿದೆ ಎಂಬುದನ್ನು ನೋಡಿ ಯಂತ್ರ ಲೋಹವನ್ನು ಊಹಿಸುತ್ತದೆ. ಪರದೆಯ ಮೇಲೆ ಕಾಣುವ ಗುರುತಿನ ಅಂಕೆ ಬರುವುದು ಮುಖ್ಯವಾಗಿ ಆ ತಡದಿಂದ.

ಕಳುಹಿಸುವ ಸುರುಳಿಯ ಅಬ್ಬರ ಕೇಳುವ ಸುರುಳಿಗೆ ನೇರವಾಗಿ ತಾಗಿದರೆ ನಾಣ್ಯದ ಪಿಸುಮಾತು ಅದರಲ್ಲಿ ಮುಳುಗಿಹೋಗುತ್ತದೆ. ಅದಕ್ಕಾಗಿ ಎರಡನ್ನೂ ಒಂದರ ಪರಿಣಾಮ ಇನ್ನೊಂದರಲ್ಲಿ ಬಹುಮಟ್ಟಿಗೆ ರದ್ದಾಗುವಂತೆ ಕೂರಿಸುತ್ತಾರೆ. ಕಾಯಿಲಿನ ಗುಣವೆಲ್ಲ ಈ ಸಮತೋಲದಲ್ಲಿದೆ. ಅಗ್ಗದ ಕಾಯಿಲ್ ಬಿಸಿಲಿಗೆ ಕಾದಾಗ, ಕಲ್ಲಿಗೆ ತಗುಲಿದಾಗ ಸುಮ್ಮಸುಮ್ಮನೆ ಕೂಗುವುದು ಆ ಸಮತೋಲ ಕೂದಲೆಳೆಯಷ್ಟು ಸರಿದಾಡುವುದರಿಂದ.

1881ರಲ್ಲಿ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್‌ಫೀಲ್ಡ್ ಅವರಿಗೆ ಗುಂಡೇಟು ತಗುಲಿದಾಗ ದೇಹದೊಳಗಿನ ಗುಂಡನ್ನು ಹುಡುಕಲು ಅಲೆಕ್ಸಾಂಡರ್ ಗ್ರಹಾಂ ಬೆಲ್ ಬಳಸಿದ್ದು ಇದೇ ತತ್ತ್ವದ ಉಪಕರಣವನ್ನು. ಹುಡುಕಾಟ ವಿಫಲವಾಯಿತು. ವೈದ್ಯರು ಹುಡುಕಲು ಬಿಟ್ಟದ್ದು ದೇಹದ ಬಲಭಾಗದಲ್ಲಿ, ಗುಂಡು ಇದ್ದದ್ದು ಎಡಭಾಗದಲ್ಲಿ. ಸಾಲದ್ದಕ್ಕೆ ಅಧ್ಯಕ್ಷರು ಮಲಗಿದ್ದ ಹಾಸಿಗೆಯಲ್ಲಿ ಲೋಹದ ಸ್ಪ್ರಿಂಗುಗಳಿದ್ದವು, ಸಂಕೇತಗಳನ್ನು ಅವು ಕಲಕಿರಬೇಕೆಂಬ ವಿವರಣೆಯೂ ಇದೆ. ಮೊಳೆಗಳ ನಡುವೆ ನಾಣ್ಯ ಹುಡುಕುವವರಿಗೆ ಈ ತೊಂದರೆ ಚೆನ್ನಾಗಿ ಅರ್ಥವಾಗುತ್ತದೆ: ಕಾಯಿಲ್ ತನ್ನ ಕೆಳಗಿರುವ ಲೋಹವನ್ನೆಲ್ಲ ಒಟ್ಟಿಗೆ ಕೇಳುತ್ತದೆ.

ಅಳತೆ: ಒಂದು ಲೆಕ್ಕ ಮಾಡಿ ನೋಡೋಣ

ಮಾರುಕಟ್ಟೆಯಲ್ಲಿ ಕಾಯಿಲಿನ ಅಳತೆಯನ್ನು ಇಂಚಿನಲ್ಲಿ ಹೇಳುವುದು ವಾಡಿಕೆ. 5ರಿಂದ 6 ಇಂಚಿನದು ಸಣ್ಣದು, 8ರಿಂದ 9 ಇಂಚಿನದು ನಡುವಿನದು, 11 ಇಂಚಿನದು ಇಂದಿನ ಅನೇಕ ಯಂತ್ರಗಳ ಜೊತೆಗೇ ಬರುವ ಅಳತೆ, 12ರಿಂದ 15 ಇಂಚಿನದು ದೊಡ್ಡದು. ಸೆಂಟಿಮೀಟರಿನಲ್ಲಿ ಹೇಳುವುದಾದರೆ 6 ಇಂಚು ಎಂದರೆ ಸುಮಾರು 15, 11 ಇಂಚು ಎಂದರೆ 28.

ಈ ಎರಡನ್ನೇ ಹೋಲಿಸೋಣ. ಲೆಕ್ಕ ಸುಲಭವಾಗಲೆಂದು ಕಾಯಿಲನ್ನು ಒಂದೇ ದುಂಡನೆಯ ಸುರುಳಿ ಎಂದೂ ಎರಡರಲ್ಲೂ ಸುತ್ತುಗಳು ಅಷ್ಟೇ, ವಿದ್ಯುತ್ ಅಷ್ಟೇ ಎಂದೂ ಇಟ್ಟುಕೊಳ್ಳುತ್ತೇನೆ. ಇಂಥ ಸುರುಳಿಯ ಕ್ಷೇತ್ರ ಅದರ ನಡುಗೆರೆಯಲ್ಲಿ ಹೇಗೆ ಕುಗ್ಗುತ್ತದೆ ಎಂಬುದಕ್ಕೆ ಪಠ್ಯಪುಸ್ತಕದ ಸೂತ್ರವಿದೆ. ನಾಣ್ಯಕ್ಕೆ ಹೋಗುವಾಗ ಒಮ್ಮೆ, ನಾಣ್ಯದಿಂದ ಬರುವಾಗ ಇನ್ನೊಮ್ಮೆ, ಹೀಗೆ ಆ ಕುಗ್ಗುವಿಕೆ ಎರಡು ಸಲ ಆಗುತ್ತದೆ. ಕಾಯಿಲಿನಿಂದ 5 ಸೆಂಟಿಮೀಟರ್ ದೂರದ ನಾಣ್ಯಕ್ಕೆ ಈ ಲೆಕ್ಕ ಹಾಕಿದರೆ 15 ಸೆಂಟಿಮೀಟರಿನ ಸಣ್ಣ ಕಾಯಿಲಿನ ಸಂಕೇತವೇ ದೊಡ್ಡದರ ಸಂಕೇತಕ್ಕಿಂತ ಒಂದೂವರೆ ಪಟ್ಟಿಗೂ ಮಿಗಿಲಾಗಿರುತ್ತದೆ. ಸುಮಾರು 7 ಸೆಂಟಿಮೀಟರಿನಲ್ಲಿ ಎರಡೂ ಸಮ. ಅಲ್ಲಿಂದಾಚೆಗೆ ದೊಡ್ಡದರ ಮೇಲುಗೈ ಆರಂಭವಾಗುತ್ತದೆ. 12 ಸೆಂಟಿಮೀಟರಿನಲ್ಲಿ ಅದು ಎರಡೂವರೆ ಪಟ್ಟು, 20 ಸೆಂಟಿಮೀಟರಿನಲ್ಲಿ ಐದು ಪಟ್ಟಿಗೂ ಹೆಚ್ಚು.

ನಿಜವಾದ ಕಾಯಿಲುಗಳ ಒಳರಚನೆ ಇಷ್ಟು ಸರಳವಲ್ಲ, ಅಂಕಿಗಳು ಆಚೀಚೆ ಆಗುತ್ತವೆ. ಆದರೆ ವಕ್ರರೇಖೆಯ ಆಕಾರ ಬದಲಾಗುವುದಿಲ್ಲ, ನಮಗೆ ಬೇಕಾದದ್ದೂ ಅಷ್ಟೇ. ದೊಡ್ಡ ಕಾಯಿಲಿನ ಲಾಭ ದೊಡ್ಡದಾಗುವುದು ಈಚಿನ ನಾಣ್ಯಗಳು ಅಪರೂಪವಾಗಿ ಇರುವ ಆಳದಲ್ಲಿ. ಮೇಲುಮಣ್ಣಿನ ನಾಣ್ಯಕ್ಕೆ ಎರಡೂ ಸಾಕಷ್ಟು ಗಟ್ಟಿಯಾಗಿಯೇ ಕೂಗುತ್ತವೆ. ಅಲ್ಲಿ ಇನ್ನಷ್ಟು ಜೋರಾದ ಸದ್ದಿನಿಂದ ಒಂದು ನಾಣ್ಯವೂ ಹೆಚ್ಚು ಸಿಗುವುದಿಲ್ಲ. ಇನ್ನೊಂದು ಮಾತು: ಕಾಯಿಲಿನ ಅಳತೆಯನ್ನು ಮೀರಿದ ದೂರದಲ್ಲಿ ಸಂಕೇತ ದೂರದ ಆರನೇ ಘಾತದಂತೆ ಕುಸಿಯುತ್ತದೆ. ಅಂದರೆ ದೂರ ಎರಡರಷ್ಟಾದರೆ ಸಂಕೇತ 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ‘ಎರಡು ಪಟ್ಟು ಆಳ’ ಎಂದು ಆಸೆ ಹುಟ್ಟಿಸುವ ಕಾಯಿಲಿನ ಜಾಹೀರಾತನ್ನು ನಂಬುವ ಮೊದಲು ಈ ಒಂದು ಅಂಕಿಯನ್ನು ನೆನಪಿಸಿಕೊಂಡರೆ ಸಾಕು.

ದೊಡ್ಡ ಕಾಯಿಲಿಗೆ ತೆರಬೇಕಾದ ಬೆಲೆಯೂ ಇದೆ. ಅದು ಹೆಚ್ಚು ಮಣ್ಣನ್ನು ಕೇಳುತ್ತದೆ. ಮಣ್ಣಿನಲ್ಲಿ ಕಬ್ಬಿಣದ ಖನಿಜ ಹೆಚ್ಚಿದ್ದರೆ ನೆಲವೇ ಉತ್ತರ ಕೊಡತೊಡಗುತ್ತದೆ, ಆ ಗದ್ದಲವನ್ನು ತಗ್ಗಿಸಲು ಸೂಕ್ಷ್ಮತೆಯನ್ನು ಕಡಿಮೆ ಮಾಡಬೇಕಾಗುತ್ತದೆ. ದೊಡ್ಡ ಕಾಯಿಲಿನಿಂದ ಗಳಿಸಿದ ಆಳ ಅಲ್ಲೇ ಕಳೆದುಹೋಗುತ್ತದೆ. ವಿದ್ಯುತ್ ತಂತಿಗಳ ಹತ್ತಿರ ಅವುಗಳ ಗುಂಯ್‌ಗುಡುವಿಕೆಯನ್ನೂ ಅದೇ ಹೆಚ್ಚು ಹಿಡಿಯುತ್ತದೆ. ತುದಿಯಲ್ಲಿ ಭಾರವಿರುವ ಉದ್ದನೆಯ ಕೋಲನ್ನು ಗಂಟೆಗಟ್ಟಲೆ ಬೀಸುವ ತೋಳಿಗೆ ಆಗುವ ನೋವನ್ನಂತೂ ಬಿಡಿಸಿ ಹೇಳಬೇಕಿಲ್ಲ.

ಸಣ್ಣ ಕಾಯಿಲಿಗೂ ಒಂದು ಹಟವಿದೆ. ಅದನ್ನು ನೆಲಕ್ಕೆ ಹತ್ತಿರವೇ ಹಿಡಿದಿರಬೇಕು. ಮೇಲಿನ ಲೆಕ್ಕದಲ್ಲೇ ನೋಡಿದರೆ, 12 ಸೆಂಟಿಮೀಟರ್ ದೂರದಲ್ಲಿದ್ದ ನಾಣ್ಯ 3 ಸೆಂಟಿಮೀಟರ್ ಹೆಚ್ಚು ದೂರವಾದಾಗ ದೊಡ್ಡ ಕಾಯಿಲಿನ ಸಂಕೇತ ಅರ್ಧದಷ್ಟು ಉಳಿಯುತ್ತದೆ, ಸಣ್ಣದರಲ್ಲಿ ಉಳಿಯುವುದು ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು. ಬೀಸಿನ ಎರಡೂ ಕೊನೆಗಳಲ್ಲಿ ಕೈ ತಾನಾಗಿ ಮೇಲೆದ್ದುಬಿಡುತ್ತದೆ. ಈ ಅಭ್ಯಾಸ ತಿದ್ದಿಕೊಳ್ಳದವರಿಗೆ ಸಣ್ಣ ಕಾಯಿಲ್ ಕೆಲಸಕ್ಕೆ ಬಾರದ್ದು ಎನ್ನಿಸಿದರೆ ಆಶ್ಚರ್ಯವಿಲ್ಲ.

ಮೊಳೆಯ ಪಕ್ಕದ ನಾಣ್ಯ

ಬೇರ್ಪಡಿಸುವ ಶಕ್ತಿ ಎಂದರೆ ಏನೆಂಬುದು ಓದಿ ತಿಳಿಯುವುದಕ್ಕಿಂತ ಮಾಡಿ ನೋಡಿದರೆ ಬೇಗ ತಿಳಿಯುತ್ತದೆ. ಲೋಹವಿಲ್ಲವೆಂದು ಖಚಿತಪಡಿಸಿಕೊಂಡ ನೆಲದ ಮೇಲೆ ಒಂದು ನಾಣ್ಯ ಇಡಿ. ಅದರ ಪಕ್ಕಕ್ಕೆ, ಒಂದು ಅಂಗೈ ಅಗಲದ ದೂರದಲ್ಲಿ, ತುಕ್ಕು ಹಿಡಿದ ಕಬ್ಬಿಣದ ಮೊಳೆಯೊಂದನ್ನು ಇಡಿ. ಕಬ್ಬಿಣವನ್ನು ತಳ್ಳಿಹಾಕುವ ಡಿಸ್ಕ್ರಿಮಿನೇಷನ್ ಚಾಲೂ ಮಾಡಿ, ಎರಡರ ಮೇಲೂ ಹಾಯುವಂತೆ ಕಾಯಿಲ್ ಬೀಸಿ. 11 ಇಂಚಿನ ಕಾಯಿಲಿನಲ್ಲಿ ಹಲವು ಸಲ ಕೇಳುವುದು ಮುರಿದ, ಅರೆಬರೆ ಸದ್ದು. ಕೆಲವು ಯಂತ್ರಗಳಲ್ಲಿ ಮೌನವೇ. ಮೊಳೆಯನ್ನು ತಳ್ಳಿಹಾಕುವ ಭರದಲ್ಲಿ ಯಂತ್ರ ಪಕ್ಕದ ನಾಣ್ಯವನ್ನೂ ನುಂಗಿಬಿಟ್ಟಿದೆ. ಈಗ 6 ಇಂಚಿನ ಕಾಯಿಲ್ ಹಾಕಿ ಅದೇ ಬೀಸನ್ನು ಬೀಸಿದರೆ ಮೊಳೆಯ ಜಾಗದಲ್ಲಿ ಸುಮ್ಮನಿದ್ದು ನಾಣ್ಯದ ಜಾಗದಲ್ಲಿ ತುಂಡಾದ, ಚುರುಕಾದ, ಸ್ಪಷ್ಟ ಸದ್ದು ಬರುವ ಸಾಧ್ಯತೆ ಬಹಳ ಹೆಚ್ಚು. ಮೊಳೆಯನ್ನು ಇನ್ನೂ ಹತ್ತಿರಕ್ಕೆ ಸರಿಸುತ್ತಾ ಹೋಗಿ, ನಾಣ್ಯದ ಸದ್ದು ಎಲ್ಲಿ ಕೆಡುತ್ತದೆ ಎಂದು ಗುರುತು ಹಾಕಿಕೊಳ್ಳಿ. ನಿಮ್ಮ ಕೈಯಲ್ಲಿರುವ ಕಾಯಿಲಿನ ನಿಜವಾದ ಯೋಗ್ಯತೆಯನ್ನು ಆ ಗುರುತು ಹೇಳುತ್ತದೆ. ಯಂತ್ರದಲ್ಲಿ ರಿಕವರಿ ವೇಗವನ್ನು ಬದಲಿಸುವ ಸೌಕರ್ಯವಿದ್ದರೆ ಅದನ್ನೂ ಏರಿಸಿ ನೋಡಿ. ಒಂದು ಸಂಕೇತದಿಂದ ಚೇತರಿಸಿಕೊಂಡು ಮುಂದಿನದಕ್ಕೆ ಯಂತ್ರ ಎಷ್ಟು ಬೇಗ ಸಿದ್ಧವಾಗುತ್ತದೆ ಎಂಬುದೂ ಇಲ್ಲಿ ಕಾಯಿಲಿನಷ್ಟೇ ಮುಖ್ಯ.

ಈ ಪರೀಕ್ಷೆಯನ್ನು ನಾಲ್ಕೂ ದಿಕ್ಕಿನಿಂದ ಮಾಡಿ. ಮೊಳೆಯೂ ನಾಣ್ಯವೂ ಬೀಸಿನ ದಾರಿಯಲ್ಲಿ ಒಂದಾದ ಮೇಲೆ ಒಂದು ಬಂದಾಗ ಬೇರ್ಪಡುವ ಸದ್ದು, ಎರಡೂ ಬೀಸಿಗೆ ಅಡ್ಡಲಾಗಿ ಒಂದೇ ಕ್ಷಣದಲ್ಲಿ ಕಾಯಿಲಿನ ಕೆಳಗೆ ಬಂದಾಗ ಬೇರ್ಪಡುವುದಿಲ್ಲ. ಕಸ ತುಂಬಿದ ಜಾಗವನ್ನು ಒಮ್ಮೆ ಉದ್ದಕ್ಕೆ ಹುಡುಕಿ ಮತ್ತೆ ಅಡ್ಡಕ್ಕೆ ಹುಡುಕಿದಾಗ ‘ಖಾಲಿಯಾದ’ ನೆಲದಿಂದ ಹೊಸ ನಾಣ್ಯಗಳು ಏಳುವುದು ಇದೇ ಕಾರಣಕ್ಕೆ.

ಕಾನ್ಸೆಂಟ್ರಿಕ್ ಮತ್ತು ಡಬಲ್ ಡಿ

ಸುರುಳಿಗಳನ್ನು ಒಳಗೆ ಹೇಗೆ ಕೂರಿಸಿದ್ದಾರೆ ಎಂಬುದರ ಮೇಲೆ ಕಾಯಿಲುಗಳು ಮುಖ್ಯವಾಗಿ ಎರಡು ಬಗೆ. ಕಾನ್ಸೆಂಟ್ರಿಕ್ ಕಾಯಿಲಿನಲ್ಲಿ ಹೊರಗೆ ದೊಡ್ಡ ವೃತ್ತವಾಗಿ ಕಳುಹಿಸುವ ಸುರುಳಿ, ಅದರ ನಡುವೆ ಸಣ್ಣ ವೃತ್ತವಾಗಿ ಕೇಳುವ ಸುರುಳಿ. ಅದು ಕೇಳುವ ಜಾಗ ಕೆಳಗೆ ಹೋದಂತೆ ಕಿರಿದಾಗುವ ಶಂಕುವಿನ ಆಕಾರದ್ದು. ನಾಣ್ಯ ನಡುವಿನಲ್ಲಿ ಬಂದಾಗ ಸದ್ದು ಚೂಪಾಗಿ ಏರಿ ಇಳಿಯುತ್ತದೆ, ಆದ್ದರಿಂದ ಎಲ್ಲಿ ಅಗೆಯಬೇಕು ಎಂಬುದು ಸುಲಭವಾಗಿ ಸಿಗುತ್ತದೆ. ಖನಿಜ ಕಡಿಮೆ ಇರುವ ಮಣ್ಣಿನಲ್ಲಿ ಗುರುತಿನ ಅಂಕೆಯೂ ಸ್ಥಿರವಾಗಿರುತ್ತದೆ. ಮಣ್ಣು ಕೆಟ್ಟದ್ದಾದರೆ ಮಾತ್ರ ಇಡೀ ಶಂಕುವಿನಷ್ಟು ನೆಲದ ಗದ್ದಲವನ್ನು ಅದು ಹೊತ್ತು ತರುತ್ತದೆ.

ಡಬಲ್ ಡಿ ಕಾಯಿಲಿನಲ್ಲಿ ಇಂಗ್ಲಿಷಿನ ಡಿ ಅಕ್ಷರದ ಆಕಾರದ ಎರಡು ಸುರುಳಿಗಳು ಬೆನ್ನಿಗೆ ಬೆನ್ನು ಹಚ್ಚಿ, ನಡುವೆ ಒಂದರ ಮೇಲೊಂದು ತುಸು ಏರಿ ಕೂತಿರುತ್ತವೆ. ಅದು ಬಲವಾಗಿ ಕೇಳುವುದು ಈ ಏರಿಕೆಯ ಕಿರಿದಾದ ಪಟ್ಟಿಯಲ್ಲಿ. ಕಾಯಿಲಿನ ಮುಂತುದಿಯಿಂದ ಹಿಂತುದಿಯವರೆಗೆ ನೆಲಕ್ಕೆ ನಿಲ್ಲಿಸಿದ ಚಾಕುವಿನ ಅಲಗಿನಂತಿದೆ ಆ ಪಟ್ಟಿ. ಬೀಸುವ ದಿಕ್ಕಿನಲ್ಲಿ ಅದು ತೆಳ್ಳಗಿರುವುದರಿಂದ ಮೊಳೆಯೂ ನಾಣ್ಯವೂ ಬೇರೆಬೇರೆಯಾಗಿ ಸಿಗುತ್ತವೆ, ಒಮ್ಮೆಗೆ ಕೇಳುವ ಮಣ್ಣೂ ಕಡಿಮೆ. ಜೊತೆಗೆ ಒಂದು ಬೀಸಿಗೂ ಮುಂದಿನ ಬೀಸಿಗೂ ನಡುವೆ ಬಿಟ್ಟುಹೋಗುವ ನೆಲ ಕಡಿಮೆ. ಶಂಕುವಿನ ಕಾಯಿಲಿನಲ್ಲಿ ಪ್ರತಿ ಬೀಸೂ ಹಿಂದಿನ ಬೀಸಿನ ಅರ್ಧದಷ್ಟನ್ನಾದರೂ ಮುಚ್ಚುತ್ತಾ ಹೋಗಬೇಕು, ಇಲ್ಲವಾದರೆ ತುಸು ಆಳದಲ್ಲಿರುವುದು ಕೈ ತಪ್ಪುತ್ತದೆ.

ಇಂದು ಹೊಸ ಯಂತ್ರಗಳಲ್ಲಿ ಹೆಚ್ಚಿನವು ಡಬಲ್ ಡಿ ಜೊತೆಗೇ ಬರುತ್ತವೆ. ಮೈನ್‌ಲ್ಯಾಬ್ ಇಕ್ವಿನಾಕ್ಸ್ 800ರ ಜೊತೆಗೆ 11 ಇಂಚಿನ ಡಬಲ್ ಡಿ ಬರುತ್ತಿತ್ತು. ಗ್ಯಾರೆಟ್ ಏಸ್ 250ರ ಜೊತೆಗೆ ಬರುತ್ತಿದ್ದದ್ದು 6.5×9 ಇಂಚಿನ ಅಂಡಾಕಾರದ ಕಾನ್ಸೆಂಟ್ರಿಕ್. ಹಳೆಯದೆಂಬ ಕಾರಣಕ್ಕೆ ಈ ಎರಡನೆಯದನ್ನು ಹೀಗಳೆಯಬಾರದು. ಒಳ್ಳೆಯ ಮಣ್ಣಿನ ಉದ್ಯಾನದಲ್ಲಿ ಮೇಲುಮಣ್ಣಿನ ಚಿಲ್ಲರೆಗೆ ಅದು ಇಂದಿಗೂ ಚೆನ್ನಾಗಿಯೇ ಒದಗುತ್ತದೆ. ಅಷ್ಟೇ ಅಲ್ಲ, ಒಂದು ವಿಷಯದಲ್ಲಿ ಡಬಲ್ ಡಿಗಿಂತ ಅದೇ ನಂಬಿಕಸ್ಥ. ಅದು ಬಾಟಲಿಯ ಉಕ್ಕಿನ ಮುಚ್ಚಳದ ವಿಷಯ.

ಅಂಚು ಮಡಚಿದ ಆ ಮುಚ್ಚಳ ಕಬ್ಬಿಣವೇ ಹೌದು. ಆದರೆ ತೆಳುವಾಗಿ ಚಪ್ಪಟೆಯಾಗಿ ಅಗಲವಾಗಿರುವುದರಿಂದ ಅದರಲ್ಲಿ ಸುಳಿ ವಿದ್ಯುತ್ ಚೆನ್ನಾಗಿ ಏಳುತ್ತದೆ, ಕಬ್ಬಿಣದ ಉತ್ತರವೂ ಒಳ್ಳೆಯ ಲೋಹದ ಉತ್ತರವೂ ಬೆರೆತು ಯಂತ್ರಕ್ಕೆ ಹೋಗುತ್ತವೆ. ಡಬಲ್ ಡಿ ಕಾಯಿಲಿನಲ್ಲಿ ಈ ಬೆರಕೆ ಹಲವು ಸಲ ಬೆಲೆಬಾಳುವ ನಾಣ್ಯದಂತೆಯೇ ಕೇಳಿಸುತ್ತದೆ. ಇದನ್ನು ಬಯಲಿಗೆಳೆಯಲು ಒಂದು ಉಪಾಯವಿದೆ. ಸದ್ದು ಬಂದ ಜಾಗವನ್ನು ಕಾಯಿಲಿನ ನಡುವಿನಿಂದ ಸರಿಸಿ, ಮುಂತುದಿ ಮಾತ್ರ ಅದರ ಮೇಲೆ ಹಾಯುವಂತೆ ಸ್ವಲ್ಪ ಸ್ವಲ್ಪವೇ ಹಿಂದೆ ಸರಿಯುತ್ತಾ ಬೀಸಿ. ನಾಣ್ಯವಾದರೆ ಸದ್ದು ಅದೇ ಸ್ವರದಲ್ಲಿ ಕ್ಷೀಣಿಸುತ್ತಾ ಮಾಯವಾಗುತ್ತದೆ. ಮುಚ್ಚಳವಾದರೆ ತುದಿಗೆ ಬಂದಾಗ ಒಡೆದು ಕಬ್ಬಿಣದ ಗೊಗ್ಗರು ದನಿಗೆ ತಿರುಗುವುದು ಹೆಚ್ಚು. ನೂರಕ್ಕೆ ನೂರು ನಂಬಬಹುದಾದ ಪರೀಕ್ಷೆಯೇನೂ ಅಲ್ಲ. ಆದರೂ ಅನಗತ್ಯ ಗುಂಡಿಗಳನ್ನು ಸಾಕಷ್ಟು ತಪ್ಪಿಸುತ್ತದೆ.

ಅಂಡಾಕಾರದ ಡಬಲ್ ಡಿ ಬಗ್ಗೆ ನನಗೆ ವಿಶೇಷ ಒಲವಿದೆ. 5×8 ಅಥವಾ 5×10 ಇಂಚಿನ ಕಾಯಿಲ್ ಸಣ್ಣ ಕಾಯಿಲಿನ ಇಕ್ಕಟ್ಟನ್ನೂ ದೊಡ್ಡದರ ವಿಸ್ತಾರವನ್ನೂ ಒಂದು ಮಟ್ಟಿಗೆ ಕೂಡಿಸುತ್ತದೆ. ಅಡ್ಡಳತೆ ಕಡಿಮೆಯಾದ್ದರಿಂದ ಕಸದ ನಡುವೆ ನುಸುಳುತ್ತದೆ, ಉದ್ದ ಇರುವುದರಿಂದ ಒಂದು ಬೀಸಿಗೆ ಸಾಕಷ್ಟು ನೆಲ ಸಿಗುತ್ತದೆ. ಬೇಲಿಯ ಬುಡ, ಬೆಂಚಿನ ಕಾಲುಗಳ ನಡುವೆ, ಮರದ ಬೇರುಗಳ ಸಂದಿಯಲ್ಲಿ ದುಂಡನೆಯ ದೊಡ್ಡ ಕಾಯಿಲ್ ಹೋಗದ ಕಡೆಗೂ ಅದು ಹೋಗುತ್ತದೆ. ಜನ ಕೂತು ಏಳುವ, ನಾಣ್ಯ ಜಾರಿ ಬೀಳುವ ಜಾಗಗಳೂ ಹೆಚ್ಚಾಗಿ ಇವೇ.

ನಾಣ್ಯದ ಲೋಹ ಕಾಯಿಲಿಗೆ ಹಾಕುವ ಸವಾಲು

ಎಲ್ಲ ನಾಣ್ಯಗಳೂ ಒಂದೇ ಸದ್ದು ಮಾಡುವುದಿಲ್ಲ, ಈಚಿನವಂತೂ ಇನ್ನೂ ಬಗೆಬಗೆ. ಅಮೆರಿಕದ ಕ್ವಾರ್ಟರ್, ಅಂದರೆ 25 ಸೆಂಟಿನ ನಾಣ್ಯ, ಒಳಗೆ ತಾಮ್ರ, ಹೊರಗೆ ತಾಮ್ರ ಮತ್ತು ನಿಕ್ಕಲಿನ ಮಿಶ್ರಲೋಹ. ಒಟ್ಟು ತೂಕದಲ್ಲಿ ಶೇ 91.67ರಷ್ಟು ತಾಮ್ರ. ಅದರ ಉತ್ತರ ಗಟ್ಟಿ, ಅಂಕೆ ಎತ್ತರ. ಅದೇ ದೇಶದ 5 ಸೆಂಟಿನ ನಾಣ್ಯದಲ್ಲಿ ಶೇ 25ರಷ್ಟು ನಿಕ್ಕಲ್ ಇದೆ. ಅದರ ಅಂಕೆ ಬೀಳುವುದು ಅಲ್ಯೂಮಿನಿಯಂ ಹಾಳೆಗೂ ಕ್ಯಾನಿನ ಕೊಂಡಿಗೂ ನಡುವಿನ ಇಕ್ಕಟ್ಟಿನಲ್ಲಿ. 1982ರ ನಂತರದ ಒಂದು ಸೆಂಟಿನ ನಾಣ್ಯ ತಾಮ್ರದ ಲೇಪವಿರುವ ಸತು. ಮಣ್ಣಿನಲ್ಲಿ ಅದು ಬೇಗ ಸವೆದು, ಸವೆದಂತೆ ಅಂಕೆಯೂ ಇಳಿಯುತ್ತದೆ. ಯುರೋ ವಲಯದ 10, 20, 50 ಸೆಂಟುಗಳು ನಾರ್ಡಿಕ್ ಗೋಲ್ಡ್ ಎಂಬ ತಾಮ್ರದ ಮಿಶ್ರಲೋಹದವು, ಒಳ್ಳೆಯ ಸದ್ದಿನವು.

ಅಂಕೆಗಳು ಹೀಗೆ ಒತ್ತೊತ್ತಾಗಿ ಇರುವಾಗ ಅಂಕೆ ಎಷ್ಟು ನೆಚ್ಚಿಕೆಯದು ಎಂಬುದೇ ಮುಖ್ಯವಾಗುತ್ತದೆ. ಕಾಯಿಲಿನ ಕೆಳಗೆ ಒಂದೇ ಲೋಹವಿದ್ದಾಗ ಮಾತ್ರ ಅಂಕೆ ಆ ಲೋಹದ್ದು. ಎರಡಿದ್ದರೆ ಅದು ಎರಡರ ಬೆರಕೆ, ಯಾವುದನ್ನೂ ಹೇಳದ ಅಂಕೆ. ಸಣ್ಣ ಕಾಯಿಲ್ ಯಂತ್ರದ ಬುದ್ಧಿಯನ್ನು ಹೆಚ್ಚಿಸುವುದಿಲ್ಲ, ಆದರೆ ಒಂದು ಸಲಕ್ಕೆ ಒಂದೇ ಪ್ರಶ್ನೆಯನ್ನು ಅದರ ಮುಂದಿಡುತ್ತದೆ.

ಉಕ್ಕಿನ ನಾಣ್ಯಗಳದ್ದು ಬೇರೆಯೇ ಕಥೆ. ಬ್ರಿಟನ್ನಿನ 1 ಮತ್ತು 2 ಪೆನ್ಸ್ 1992ರಿಂದ ತಾಮ್ರ ಲೇಪಿತ ಉಕ್ಕು, 5 ಮತ್ತು 10 ಪೆನ್ಸ್ 2012ರಿಂದ ನಿಕ್ಕಲ್ ಲೇಪಿತ ಉಕ್ಕು. ಯುರೋದ 1, 2, 5 ಸೆಂಟುಗಳೂ ತಾಮ್ರ ಹೊದೆಸಿದ ಉಕ್ಕೇ. ಭಾರತದ ಈಚಿನ ಒಂದು, ಎರಡು ರೂಪಾಯಿಗಳು ಅಯಸ್ಕಾಂತಕ್ಕೆ ಅಂಟುವ ಫೆರಿಟಿಕ್ ಸ್ಟೇನ್‌ಲೆಸ್ ಸ್ಟೀಲಿನವು. ಕಬ್ಬಿಣವನ್ನು ತಳ್ಳಿಹಾಕುವಂತೆ ಹೊಂದಿಸಿದ ಯಂತ್ರ ಇಂಥ ನಾಣ್ಯಗಳನ್ನು ಮೊಳೆಯ ಜೊತೆಗೇ ತಳ್ಳಿಹಾಕಬಹುದು, ಅಥವಾ ಕಬ್ಬಿಣಕ್ಕೂ ಒಳ್ಳೆಯ ಲೋಹಕ್ಕೂ ನಡುವೆ ಜಿಗಿದಾಡುವ ಸದ್ದು ಕೊಡಬಹುದು. ಯಾವ ಕಾಯಿಲೂ ಉಕ್ಕನ್ನು ತಾಮ್ರವಾಗಿ ಕೇಳಿಸಲಾರದು. ಅಂಥ ನಾಣ್ಯಗಳೇ ಬೇಕೆನ್ನುವವರು ಡಿಸ್ಕ್ರಿಮಿನೇಷನ್ ಸಡಿಲಿಸಲೇಬೇಕು. ಸಡಿಲಿಸಿದೊಡನೆ ನೆಲದಲ್ಲಿರುವ ಪ್ರತಿಯೊಂದು ಕಬ್ಬಿಣದ ಚೂರೂ ಮಾತಾಡತೊಡಗುತ್ತದೆ. ಆ ಗದ್ದಲವನ್ನು ಕಿವಿ ಸಹಿಸಬೇಕಾದರೆ ಒಂದು ಹೊತ್ತಿಗೆ ಸ್ವಲ್ಪವೇ ನೆಲವನ್ನು ಕೇಳುವ ಸಣ್ಣ ಕಾಯಿಲ್ ಬೇಕು.

ಆವರ್ತನದ, ಅಂದರೆ ಸುರುಳಿಯ ವಿದ್ಯುತ್ ಸೆಕೆಂಡಿಗೆ ಎಷ್ಟು ಸಲ ದಿಕ್ಕು ಬದಲಿಸುತ್ತದೆ ಎಂಬ ಪ್ರಶ್ನೆಯೂ ಕಾಯಿಲಿಗೆ ಅಂಟಿಕೊಂಡಿದೆ. ಕಡಿಮೆ ಕಿಲೋಹರ್ಟ್ಸ್ ತಾಮ್ರ, ಬೆಳ್ಳಿಯಂಥ ಒಳ್ಳೆಯ ವಾಹಕಗಳಿಗೆ ಒಗ್ಗುತ್ತದೆ, ಹೆಚ್ಚಿನದು ನಿಕ್ಕಲ್ ಬೆರೆತ ನಾಣ್ಯ, ತೆಳುವಾದ ಚೂರುಗಳಿಗೆ. ಕೆಲವು ಯಂತ್ರಗಳಲ್ಲಿ ಆವರ್ತನ ಬದಲಾಗುವುದೇ ಕಾಯಿಲ್ ಬದಲಿಸಿದಾಗ. ಮೈನ್‌ಲ್ಯಾಬ್ ಎಕ್ಸ್-ಟೆರಾ 705ರಲ್ಲಿ 3, 7.5, 18.75 ಕಿಲೋಹರ್ಟ್ಸ್‌ಗೆ ಬೇರೆಬೇರೆ ಕಾಯಿಲುಗಳಿದ್ದವು. ಏಕಕಾಲಕ್ಕೆ ಹಲವು ಆವರ್ತನಗಳಲ್ಲಿ ಕೆಲಸ ಮಾಡುವ ಈಗಿನ ಯಂತ್ರಗಳಲ್ಲಿ ಈ ಚಿಂತೆ ಬಹುಮಟ್ಟಿಗೆ ಇಲ್ಲ.

ದೊಡ್ಡ ಕಾಯಿಲ್ ಗೆಲ್ಲುವ ಜಾಗ

ಒಣ ಮರಳಿನ ಕಡಲತೀರದಲ್ಲಿ ನನ್ನ ವಾದ ತಿರುಗುಮುರುಗಾಗುತ್ತದೆ. ಅಲ್ಲಿ ಲೋಹಗಳು ಒಂದರಿಂದ ಒಂದು ದೂರ ದೂರ ಬಿದ್ದಿರುತ್ತವೆ, ಕಾಲ್ತುಳಿತಕ್ಕೆ ನಾಣ್ಯ ಬೇಗ ಒಳಗಿಳಿಯುತ್ತದೆ, ಅಗೆಯುವುದಕ್ಕೆ ಶ್ರಮವಿಲ್ಲ. ಗೆಲ್ಲುವುದು ಹೆಚ್ಚು ನೆಲ ಗುಡಿಸುವ 11ರಿಂದ 13 ಇಂಚಿನ ಕಾಯಿಲ್. ಕಸವಿಲ್ಲದ ವಿಶಾಲ ಹುಲ್ಲುಗಾವಲಿಗೂ ಇದೇ ಮಾತು. ಉಪ್ಪುನೀರಿನಿಂದ ಒದ್ದೆಯಾದ ಮರಳು ಮಾತ್ರ ತಾನೇ ವಿದ್ಯುತ್ ಹರಿಸುತ್ತದೆ; ಒಂದೇ ಆವರ್ತನದ ಯಂತ್ರಗಳು ಅಲ್ಲಿ ದಿಕ್ಕೆಡುತ್ತವೆ. ಬಹು ಆವರ್ತನದ ಯಂತ್ರವೂ ಡಬಲ್ ಡಿ ಕಾಯಿಲೂ ಇಲ್ಲದೆ ಅಲ್ಲಿಗೆ ಹೋಗುವುದು ವ್ಯರ್ಥ ಶ್ರಮ.

ಕೊಳ್ಳುವ ಮೊದಲು, ಜೋಡಿಸಿದ ಮೇಲೆ

ಕಾಯಿಲನ್ನು ಯಂತ್ರದ ಮಾದರಿಯ ಹೆಸರು ನೋಡಿಯೇ ಕೊಳ್ಳಬೇಕು. ಪ್ಲಗ್ ಹೊಂದಿತೆಂದ ಮಾತ್ರಕ್ಕೆ ಕಾಯಿಲ್ ಹೊಂದಿದಂತಲ್ಲ. ಪ್ರತಿ ಕಾಯಿಲಿನ ಸುರುಳಿಗಳೂ ಒಂದು ನಿರ್ದಿಷ್ಟ ಆವರ್ತನಕ್ಕೂ ಒಂದು ನಿರ್ದಿಷ್ಟ ವಿದ್ಯುತ್ ಮಂಡಲಕ್ಕೂ ಹೊಂದಿಸಿರುತ್ತವೆ. ಒಂದೇ ಕಂಪನಿಯ ಎರಡು ಮಾದರಿಗಳ ನಡುವೆಯೂ ಅವು ಅದಲುಬದಲಾಗದಿರಬಹುದು. ನೆಲ್, ಕಾಯಿಲ್‌ಟೆಕ್, ಡಿಟೆಕ್ ಮುಂತಾದ ತಯಾರಕರು ಬೇರೆ ಕಂಪನಿಗಳ ಯಂತ್ರಗಳಿಗೂ ಕಾಯಿಲ್ ಮಾಡುತ್ತಾರೆ, ಅವುಗಳಲ್ಲೂ ಮಾದರಿ ನೋಡಿಯೇ ಆರಿಸಬೇಕು. ಎಕ್ಸ್‌ಪಿ ಡೀಯಸ್‌ನಂಥ ನಿಸ್ತಂತು ಯಂತ್ರದಲ್ಲಿ ಬ್ಯಾಟರಿ, ಸಂಕೇತ ಸಂಸ್ಕರಿಸುವ ಮಂಡಲ ಎಲ್ಲವೂ ಕಾಯಿಲಿನೊಳಗೇ ಇವೆ. ಅಲ್ಲಿ ಎರಡನೇ ಕಾಯಿಲ್ ಎಂದರೆ ಅರ್ಧ ಯಂತ್ರವನ್ನೇ ಮತ್ತೆ ಕೊಂಡಂತೆ. ಆದ್ದರಿಂದ ಮೊದಲ ಆಯ್ಕೆಯಲ್ಲೇ ಅಳತೆಯನ್ನು ಯೋಚಿಸುವುದು ಒಳ್ಳೆಯದು.

ಈಗಾಗಲೇ 11 ಇಂಚಿನ ಡಬಲ್ ಡಿ ಕೈಯಲ್ಲಿದ್ದು ಈಚಿನ ನಾಣ್ಯಗಳೇ ಗುರಿಯಾಗಿದ್ದರೆ, ಅದಕ್ಕಿಂತ ದೊಡ್ಡದಕ್ಕೆ ಹಣ ಹಾಕಬೇಡಿ. 6 ಇಂಚಿನ ದುಂಡು ಅಥವಾ ಸಣ್ಣ ಅಂಡಾಕಾರದ ಕಾಯಿಲ್ ಕೊಳ್ಳಿ. ಒಂದೇ ಕಾಯಿಲಿನಲ್ಲಿ ಎಲ್ಲವೂ ಆಗಬೇಕೆನ್ನುವವರಿಗೆ 8ರಿಂದ 9 ಇಂಚಿನದೇ ಸರಿ. ಕಾನ್ಸೆಂಟ್ರಿಕ್ ಬೇಕೋ ಡಬಲ್ ಡಿ ಬೇಕೋ ಎಂಬುದನ್ನು ಮಣ್ಣು ತೀರ್ಮಾನಿಸಲಿ: ಗ್ರೌಂಡ್ ಬ್ಯಾಲೆನ್ಸ್ ಮಾಡಿದ ಮೇಲೂ, ಅಂದರೆ ಮಣ್ಣಿನ ಖನಿಜದ ಸದ್ದು ಅಡಗುವಂತೆ ಯಂತ್ರವನ್ನು ಹೊಂದಿಸಿದ ಮೇಲೂ, ಯಂತ್ರ ಗೊಣಗುತ್ತಿದ್ದರೆ ಡಬಲ್ ಡಿ, ನೆಲ ಶಾಂತವಾಗಿದ್ದು ಬಾಟಲಿ ಮುಚ್ಚಳಗಳೇ ಪೀಡೆಯಾಗಿದ್ದರೆ, ನಿಮ್ಮ ಯಂತ್ರಕ್ಕೆ ಸಿಗುವುದಾದರೆ, ಕಾನ್ಸೆಂಟ್ರಿಕ್.

ಹೊಸ ಕಾಯಿಲ್ ಬಂದ ಮೇಲೆ ಅದರ ಕೇಬಲನ್ನು ಕೋಲಿಗೆ ಬಿಗಿಯಾಗಿ ಸುತ್ತಿ, ಕಾಯಿಲಿನ ಹತ್ತಿರ ಮಾತ್ರ ಅದು ಬಾಗಲು ಬೇಕಾದಷ್ಟು ಸಡಿಲ ಬಿಡಿ. ಜೋತಾಡುವ ಕೇಬಲ್ ಕಾಯಿಲಿನ ಮುಂದೆ ಅಲುಗಾಡಿ ಸುಳ್ಳು ಸದ್ದುಗಳನ್ನು ಹುಟ್ಟಿಸುತ್ತದೆ. ಜೊತೆಗೆ ಬಂದ ಪ್ಲಾಸ್ಟಿಕ್ ಬೋಲ್ಟಿನ ಬದಲು ಲೋಹದ್ದನ್ನು ಹಾಕಬೇಡಿ. ತಳದ ರಕ್ಷಣಾ ಕವಚವನ್ನು ಆಗಾಗ ಬಿಚ್ಚಿ ಒಳಗೆ ಸೇರಿದ ಮಣ್ಣು, ಒದ್ದೆ ಮರಳನ್ನು ತೊಳೆಯಿರಿ. ಖನಿಜ ತುಂಬಿದ ಒಂದು ಹಿಡಿ ಮಣ್ಣು ಸುರುಳಿಗೆ ಅಂಟಿಕೊಂಡಿದ್ದರೆ ಯಂತ್ರ ದಿನವಿಡೀ ಅದನ್ನೇ ಕೇಳುತ್ತಿರುತ್ತದೆ. ಕಾಯಿಲ್ ಬದಲಿಸಿದಾಗಲೆಲ್ಲ ಗ್ರೌಂಡ್ ಬ್ಯಾಲೆನ್ಸ್ ಹೊಸದಾಗಿ ಮಾಡಿ. ಜಾಗದ ಒಡೆಯರ ಅನುಮತಿ ಪಡೆದು ಹುಡುಕಿ. ಸಣ್ಣ ಕಾಯಿಲ್ ಜಾಗವನ್ನು ನಿಖರವಾಗಿ ತೋರಿಸುವುದರಿಂದ ಹುಲ್ಲಿನ ಹೆಪ್ಪನ್ನು ಅಂಗೈ ಅಗಲಕ್ಕಿಂತ ಹೆಚ್ಚು ಎತ್ತಬೇಕಾಗುವುದಿಲ್ಲ. ನಾಣ್ಯ ತೆಗೆದ ಮೇಲೆ ಹೆಪ್ಪನ್ನು ಮೊದಲಿನಂತೆ ಕೂರಿಸಿ, ಕಾಲಿನಿಂದ ಒತ್ತಿ, ಅದೇ ಜಾಗದ ಮೇಲೆ ಕಾಯಿಲನ್ನು ಇನ್ನೊಮ್ಮೆ ಹಾಯಿಸಿ. ಜೇಬಿನಿಂದ ಚಿಲ್ಲರೆ ಬೀಳುವಾಗ ಎರಡು ಮೂರು ನಾಣ್ಯಗಳು ಒಟ್ಟಿಗೇ ಬಿದ್ದಿರುವುದುಂಟು.